ಗಿರಣಿ ಮನೆಯ ಕೂಸು, ಸೊರಬದ ಕೈಗುಣ

"ಸೊರಬದ ಡಾಕ್ಟ್ರು ಮುಟ್ಟಿದ್ರೆ ಸಾಕ್ರೀ, ಅಳೋ ಕೂಸು ನಗ್ತೈತಿ" ಅಂತ ಒಬ್ಬರು ನನ್ನ ಕ್ಲಿನಿಕ್ಕಿನಲ್ಲೇ, ನನ್ನ ಬೆಂಚಿನ ಮೇಲೆ ಕೂತು, ನನ್ನ ಫ್ಯಾನಿನ ಗಾಳಿ ತಗೊಳ್ತಾ ಹೇಳಿದರೆ ನನಗೆ ಹೇಗಾಗಬೇಡ? ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಮಕ್ಕಳ ಕ್ಲಿನಿಕ್ ಇಟ್ಟುಕೊಂಡಿದ್ದೆ. ಒಳಗೆ ನಾಲ್ಕು ಮಂಚ, ಒಬ್ಬಳು ನರ್ಸ್, ಒಂದು ಆಕ್ಸಿಜನ್ ಸಿಲಿಂಡರ್. ಎಂಬಿಬಿಎಸ್ ಆದ ಮೇಲೆ ಎರಡು ವರ್ಷ ಮಣ್ಣು ಹೊತ್ತು ಮಕ್ಕಳ ಕಾಯಿಲೆಯಲ್ಲಿ ಡಿಪ್ಲೊಮಾ ಮಾಡಿದವಳು ನಾನು. ಅದನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಜನ ಅದನ್ನು ಓದಿಕೊಂಡೇ ಸೊರಬದ ಬಸ್ ಹತ್ತುತ್ತಿದ್ದರು.

ಸೊರಬದ ಡಾಕ್ಟರು ನನ್ನ ಕ್ಲಾಸ್‌ಮೇಟ್. ಬರೀ ಎಂಬಿಬಿಎಸ್. ಅನಾಟಮಿಯಲ್ಲಿ ಎರಡು ಸಲ ಕೂತವನು. ಆದರೆ ಮಂಗನ ಕಾಯಿಲೆ ಜೋರಾಗಿದ್ದ ಒಂದು ಬೇಸಿಗೆಯಲ್ಲಿ ಕ್ಯಾಸನೂರಿನ ಕಡೆಯ ಹಳ್ಳಿಗಳಿಗೆಲ್ಲ ಲಡಕಾಸಿ ಸ್ಕೂಟರಿನಲ್ಲಿ ಓಡಾಡಿ, ಜ್ವರ ಬಂದವರ ಹಾಸಿಗೆ ಪಕ್ಕ ಕೂತು ಬಂದಿದ್ದ. ಆಮೇಲೆ ಅವನ ಕೈಗುಣದ ಸುದ್ದಿ ಶಿರಾಳಕೊಪ್ಪ ದಾಟಿ ನಮ್ಮೂರಿಗೂ ಬಂತು. ಕೈಗುಣ ಅನ್ನೋದು ಎಂಥ ಅನ್ಯಾಯದ ಮಾತು ಅಂತ ಡಾಕ್ಟರಾದವರಿಗೇ ಗೊತ್ತು. ಓದಿ ಸಂಪಾದಿಸೋಕಾಗಲ್ಲ, ಪರೀಕ್ಷೆ ಕಟ್ಟಿ ತಗೊಳ್ಳೋಕಾಗಲ್ಲ. ಜನ ಕೊಡಬೇಕು. ಅವನಿಗೆ ಕೊಟ್ಟರು, ನನಗೆ ಕೊಡಲಿಲ್ಲ.

ಹೀಗಿರುವಾಗ ಗಿರಣಿ ಮನೆಯ ಕೂಸು ನನ್ನ ಹತ್ತಿರ ಬಂತು. ಅಂಜನಾಪುರ ಅಣೆಕಟ್ಟಿನ ನೀರು ಹರಿಯುವ ಗದ್ದೆಗಳ ಭತ್ತ ಬಂದು ಬೀಳುತ್ತಿದ್ದ ದೊಡ್ಡ ಅಕ್ಕಿ ಗಿರಣಿ ಅವರದು. ಮನೆಯ ಯಜಮಾನಿಕೆ ಕೂಸಿನ ಅಜ್ಜಿಯ ಕೈಯಲ್ಲಿ. ಊರೆಲ್ಲ ಆಕೆಯನ್ನು ಗಿರಣಿ ಅಮ್ಮ ಅಂತಲೇ ಕರೆಯುತ್ತಿತ್ತು. ಮಗ ಗಿರಣಿ ನೋಡಿಕೊಳ್ಳುತ್ತಿದ್ದ. ಸೊಸೆ ಸೊರಬದಾಚೆ ಚಂದ್ರಗುತ್ತಿ ರಸ್ತೆಯ ಒಂದು ಹಳ್ಳಿಯ ಹುಡುಗಿ. ಬಾಣಂತನ ಮುಗಿಸಿ, ಐದು ತಿಂಗಳ ಗಂಡುಮಗು ಎತ್ತಿಕೊಂಡು ತವರಿನಿಂದ ಬಂದಿದ್ದಳು. ಆ ಮನೆಯವರು ನನ್ನ ಹತ್ತಿರ ಬಂದಿದ್ದೇ ನನಗೆ ದೊಡ್ಡ ವಿಷಯ. ಅವರ ಹಿಂದೆ ಪೇಟೆ ಬೀದಿಯೆಲ್ಲ ಬರುತ್ತೆ ಅಂತ ಒಳಗೊಳಗೇ ಲೆಕ್ಕ ಹಾಕಿದ್ದೆ.

ಮೊದಲನೇ ಸಲ ಮಧ್ಯಾಹ್ನ ತಂದರು. ಕೂಸು ವಾಂತಿ ಮಾಡಿ ಮಾಡಿ ಕೊನೆಗೆ ಹಸಿರು ಪಿತ್ತ ಕಾರುತ್ತಿತ್ತು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು, ಕೈಕಾಲು ತಣ್ಣಗಿದ್ದವು, ಎತ್ತಿದರೆ ಒದ್ದೆ ಬಟ್ಟೆಯ ಥರ ಜೋಲುತ್ತಿತ್ತು. ಜ್ವರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಲೋಳೆ ಬೆರೆತ ನೀರುಭೇದಿ ಶುರುವಾಯಿತು. ಏನು ಕೊಟ್ಟಿದ್ರಿ ಅಂತ ಕೇಳಿದೆ. ಗಿರಣಿ ಅಮ್ಮ, ತಾಯಿ ಹಾಲು ಬಿಟ್ರೆ ಏನೂ ಇಲ್ಲ, ಅನ್ನ ಇನ್ನೂ ಮುಟ್ಟಿಸಿಲ್ಲ, ಅದಕ್ಕೆ ಮುಹೂರ್ತ ನೋಡಬೇಕು ಅಂದರು. ನಾನು ರಕ್ತಕ್ಕೆ ಸೋಂಕು ಇಳಿದಿದೆ ಅಂತ ತೀರ್ಮಾನಿಸಿದೆ. ತಲೆಯ ನರಕ್ಕೆ ಕೂಸುಗಳಿಗೆ ಬಳಸುವ ರೆಕ್ಕೆಯಿರುವ ಚಿಟ್ಟೆಸೂಜಿ ಹಾಕಿ ಸಲೈನ್ ತಳ್ಳಿದೆ, ಎರಡು ಬಗೆಯ ಆಂಟಿಬಯಾಟಿಕ್ ಶುರು ಮಾಡಿದೆ. ರಕ್ತ ಪರೀಕ್ಷೆಯಲ್ಲಿ ಬಿಳಿಕಣ ಏರಿತ್ತು. ನಾನು ಅಂದುಕೊಂಡಿದ್ದಕ್ಕೆ ಅದು ಸರಿಯಾಗಿ ಹೊಂದಿತು. ಮಾರನೇ ಬೆಳಿಗ್ಗೆ ಕೂಸು ನರ್ಸಿನ ಬಳೆ ಎಳೆಯುತ್ತಾ ಆಡುತ್ತಿತ್ತು. ನನ್ನ ಔಷಧಿ ಕೆಲಸ ಮಾಡಿತು ಅಂತ ಬೀಗಿದೆ. ಮನೆಗೆ ಕಳಿಸುವಾಗ ಎಂದಿನಂತೆ, ಎದೆಹಾಲು ಕೊಡಿ, ಕರುಳು ನೊಂದಿದೆ, ನಾಲ್ಕು ದಿನ ಗಂಜಿ ತಿಳಿ ಕುಡಿಸಿ ಅಂದೆ. ಆ ಕಾಲದಲ್ಲಿ ಹಾಗೆ ಹೇಳದ ಡಾಕ್ಟರು ನಮ್ಮ ಸೀಮೆಯಲ್ಲಿ ಇರಲಿಲ್ಲ.

ವಾರ ತುಂಬುವುದರೊಳಗೆ ಮತ್ತೆ ಅದೇ ವಾಂತಿ, ಅದೇ ಬಿಳಿಚು. ಅಷ್ಟರಲ್ಲಿ ಶಿವಮೊಗ್ಗಕ್ಕೆ ಕಳಿಸಿದ್ದ ರಕ್ತದ ಕಲ್ಚರಿನಲ್ಲಿ ಯಾವ ಕ್ರಿಮಿಯೂ ಬೆಳೆದಿಲ್ಲ ಅಂತ ವರದಿ ಬಂದಿತ್ತು. ಆಂಟಿಬಯಾಟಿಕ್ ಬದಲಿಸಿದೆ. ಮತ್ತೆ ಒಂದೇ ದಿನದಲ್ಲಿ ಚೇತರಿಕೆ. ನಿಜವಾದ ಸೋಂಕಾದರೆ ಇಷ್ಟು ಬೇಗ ಎದ್ದು ಕೂರುತ್ತದೆಯೇ ಅಂತ ಒಂದು ಸಣ್ಣ ಹುಳ ತಲೆಯಲ್ಲಿ ಕೊರೆಯಿತು. ಆದರೆ ಗಿರಣಿ ಅಮ್ಮ ಹಣ್ಣಿನ ಬುಟ್ಟಿ ಕಳಿಸಿದ್ದರು, ಹುಳವನ್ನು ಸುಮ್ಮನಿರಿಸಿದೆ.

ಮೂರನೇ ಸಲ ಕೂಸಿನ ಮೊಣಕೈವರೆಗೂ ತಣ್ಣಗಾಗಿತ್ತು. ನಾಡಿ ಸಿಗಲೇ ಇಲ್ಲ. ಹೊಟ್ಟೆ ಉಬ್ಬಿತ್ತು, ಮಲದಲ್ಲಿ ರಕ್ತದ ಎಳೆ. ಕರುಳಿನೊಳಗೆ ಕರುಳು ತೂರಿಕೊಂಡಿರಬೇಕು, ಆಪರೇಷನ್ನೇ ಗತಿ ಅಂತ ಹೆದರಿ, ಸಲೈನ್ ಹಾಕಿಕೊಂಡೇ ಜೀಪಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. ದಾರಿಯುದ್ದಕ್ಕೂ ಸಲೈನ್ ಹರಿದು, ಅಲ್ಲಿ ಮುಟ್ಟುವ ಹೊತ್ತಿಗೆ ಕೂಸು ಕಣ್ಣರಳಿಸಿ ಸರ್ಜನ್ನರ ಕನ್ನಡಕಕ್ಕೆ ಕೈ ಹಾಕಿತಂತೆ. ಸರ್ಜನ್ ಎಕ್ಸ್‌ರೇ ತೆಗೆಸಿ, ಹೊಟ್ಟೆ ಒತ್ತಿ ನೋಡಿ, ನಿಮ್ಮೂರ ಡಾಕ್ಟರಿಗೆ ಗಾಬರಿ ಜಾಸ್ತಿ ಅಂತ ನಕ್ಕು ವಾಪಸ್ ಕಳಿಸಿದರು. ಆ ನಗು ಗಿರಣಿಯವರ ಬಾಯಲ್ಲಿ ಇಡೀ ಪೇಟೆಗೆ ಹಂಚಿಹೋಯಿತು. ಸೊಸೆ ಯಾರ ಮಾತಿಗೂ ಕಾಯದೆ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು. ಹೋದವಳು ಸೊರಬದ ಡಾಕ್ಟರಿಗೆ ತೋರಿಸಿದಳು.

ಅಲ್ಲಿಂದ ನನ್ನ ಹೊಟ್ಟೆಕಿಚ್ಚಿನ ದಿನಗಳು ಶುರು. ಒಂದು ತಿಂಗಳಾಯಿತು, ಒಂದೂವರೆ ತಿಂಗಳಾಯಿತು, ಕೂಸಿಗೆ ಒಂದು ವಾಂತಿ ಇಲ್ಲ, ಭೇದಿ ಇಲ್ಲ. ಕೆನ್ನೆ ತುಂಬಿದೆಯಂತೆ, ಬೋರಲು ಬಿದ್ದು ತೆವಳುತ್ತದಂತೆ. ಬಟ್ಟೆ ಅಂಗಡಿಯವಳು ಹೇಳಿದಳು, ಔಷಧಿ ಅಂಗಡಿಯವನು ಹೇಳಿದ, ಕೊನೆಗೆ ನನ್ನ ನರ್ಸೇ ಹೇಳಿದಳು. ಕೂಸು ಚೆನ್ನಾಗಿದೆ ಅಂದರೆ ಸಂತೋಷಪಡಬೇಕಾದವಳು ನಾನು. ಸಂತೋಷ ಆಗಲಿಲ್ಲ. ನಾನು ನರ ಹುಡುಕಿ ಹುಡುಕಿ ಮೂರು ಸಲ ಬದುಕಿಸಿಕೊಟ್ಟ ಕೂಸು ಅವನ ಬಾಟಲಿಯ ಒಂದು ಬಣ್ಣದ ನೀರಿಗೆ ದುಂಡಗಾಗುತ್ತದೆ ಅಂದರೆ! ಅವನು ಅದೇನು ಕೊಡ್ತಾನೆ ಅಂತ ನೋಡದಿದ್ದರೆ ನನಗೆ ಅನ್ನ ಇಳಿಯುವ ಹಾಗಿರಲಿಲ್ಲ. ಒಂದು ಭಾನುವಾರ ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಸೊರಬಕ್ಕೆ ಹೋದೆ.

ಭಾನುವಾರವೂ ಅವನ ಬಾಗಿಲಲ್ಲಿ ಚಪ್ಪಲಿಯ ರಾಶಿ. ನನ್ನನ್ನು ಕಂಡಿದ್ದೇ, ಓಹೋ ಗೋಲ್ಡ್ ಮೆಡಲಿಸ್ಟು ಬಂತು, ಕುರ್ಚಿ ತನ್ನಿ ಅಂತ ಕೂಗಿದ. ನನಗೆ ಯಾವ ಮೆಡಲ್ಲೂ ಬಂದಿರಲಿಲ್ಲ, ಅದು ಅವನಿಗೂ ಗೊತ್ತು. ಪಕ್ಕದಲ್ಲಿ ಕೂತು ನೋಡಿದೆ. ಒಂದೊಂದು ಕೂಸಿಗೆ ಅವನು ಕಳೆಯುತ್ತಿದ್ದ ಹೊತ್ತಿನಲ್ಲಿ ನಾನು ನಾಲ್ಕು ಮಕ್ಕಳನ್ನು ನೋಡಿ ಮುಗಿಸುತ್ತಿದ್ದೆ. ಸ್ಟೆತಸ್ಕೋಪನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದ. ಅಜ್ಜಿಯರ ಸೊಂಟನೋವು ವಿಚಾರಿಸುತ್ತಿದ್ದ. ನಡುವೆ ಸಮಯ ಸಿಕ್ಕಾಗ ಗಿರಣಿ ಮನೆಯ ಕೂಸಿಗೆ ಏನು ಕೊಟ್ಟೆ ಅಂತ ನೇರವಾಗೇ ಕೇಳಿದೆ. ವಿಟಮಿನ್ ಡ್ರಾಪ್ಸು ಅಂದ. ಮತ್ತೆ? ಮತ್ತೇನೂ ಇಲ್ಲ ಮಾರಾಯ್ತಿ, ಬಂದಾಗ ಚೆನ್ನಾಗೇ ಇತ್ತಲ್ಲ, ಏನು ಕೊಡಲಿ ಅಂದ. ಅದೇ ಡ್ರಾಪ್ಸನ್ನು ನಾನೂ ಕೊಟ್ಟಿದ್ದೆ. ಅದೇ ಕಂಪನಿ, ಅದೇ ಬಾಟಲಿ. ಅವನು ಏನೂ ಮಾಡದೇ ಗೆದ್ದಿದ್ದಾನೆ ಅಂತ ಗೊತ್ತಾದ ಮೇಲೆ ಸಂಕಟ ಇನ್ನೂ ಹೆಚ್ಚಾಯಿತು.

ಅಷ್ಟು ದೂರ ಹೋದವಳು ಕೂಸನ್ನು ನೋಡದೆ ಬರಲು ಮನಸ್ಸಾಗಲಿಲ್ಲ. ಅವನೇ ಸ್ಕೂಟರಿನಲ್ಲಿ ಆ ಹಳ್ಳಿಗೆ ಕರೆದುಕೊಂಡು ಹೋದ. ಜಗಲಿಯ ಮೇಲೆ ಕೂಸಿನ ತಾಯಿಯ ತಾಯಿ ರಾಗಿ ಸರಿ ತಿನ್ನಿಸುತ್ತಿದ್ದರು. ಕೂಸು ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡಿತು, ಅವನನ್ನು ನೋಡಿ ಕೈ ಚಾಚಿತು. ಅದನ್ನು ನುಂಗಿಕೊಂಡು, ದಿನವಿಡೀ ಏನೇನು ಕೊಡ್ತೀರಿ ಅಂತ ಆ ಅಮ್ಮನನ್ನು ಕೇಳಿದೆ. ರಾಗಿ, ಬಾಳೆಹಣ್ಣು, ಬೇಯಿಸಿದ ಗೆಣಸು. ಅನ್ನ? ಆಕೆ ಕೆನ್ನೆಗೆ ಕೈ ಇಟ್ಟುಕೊಂಡರು.

"ಅನ್ನ ನಾವು ಮುಟ್ಟಿಸೂಕೆ ಬರ್ತದಾ? ಅದು ಅವ್ರ ಮನೆ ಹಕ್ಕು. ಅವ್ರು ಶಾಸ್ತ್ರ ಮಾಡೋ ತನಕ ಒಂದಗಳು ಅಕ್ಕಿ ಇದ್ರ ಬಾಯಿಗೆ ಹೋಗೂ ಹಾಗಿಲ್ಲ."

"ಗಂಜಿ ತಿಳಿನೂ ಕೊಟ್ಟಿಲ್ವಾ?"

"ಗಂಜಿ ಅಂದ್ರೆ ಅಕ್ಕಿ ಅಲ್ದಾ? ಅವ್ರಲ್ಲಿ ಅದೆಲ್ಲ ಲೆಕ್ಕಕ್ಕಿಲ್ಲ. ಐದು ತಿಂಗಳಿಗೇ ಶಕ್ತಿಗೆ ಅಂತ ಗಂಜಿ ಶುರು ಮಾಡಿದ್ರಂತೆ, ನನ್ನ ಮಗಳು ಹೇಳಿದ್ಲು. ನಮ್ಮನೇಲಿ ಆಗಿದ್ರೆ ಬೀಗರು ಬಿಡ್ತಿದ್ರಾ?"

ಆಕೆಗೆ ಬೀಗಿತ್ತಿಯ ಮೇಲಿನ ಸಿಟ್ಟು ಹೊರಗೆ ಹಾಕುವುದಿತ್ತು, ಅಷ್ಟೇ. ನನ್ನ ತಲೆಯಲ್ಲಿ ಮಾತ್ರ ಆ ಗಂಜಿಯ ಲೆಕ್ಕ ಓಡತೊಡಗಿತು. ಸೊಸೆಯನ್ನು ಪಕ್ಕಕ್ಕೆ ಕರೆದು ಒಂದೊಂದೇ ಕೇಳಿದೆ. ಮೊದಲನೇ ಸಲ ವಾಂತಿಗೆ ಮುಂಚೆ ಅತ್ತೆ ಗಂಜಿ ಕುಡಿಸಿದ್ದರಾ? ಹೌದು. ಕುಡಿದ ತಕ್ಷಣ ಕಾರಿತಾ? ಇಲ್ಲ, ಆಡಿಕೊಂಡಿತ್ತು, ಒಂದು ನಿದ್ದೆ ಮಾಡಿ ಎದ್ದು ಆಮೇಲೆ. ಎರಡನೇ ಸಲ? ನೀವು ಹೇಳಿದ ಗಂಜಿ. ಮೂರನೇ ಸಲ? ಹೊಟ್ಟೆ ಗಟ್ಟಿಯಾಗಲಿ ಅಂತ ಅತ್ತೆ ಸ್ವಲ್ಪ ಮಂದವಾಗಿ ಕಾಸಿದ್ದರು. ಗಂಜಿ ಆದ ಮೇಲೆ ಎರಡು ಗಂಟೆಯೋ ಮೂರು ಗಂಟೆಯೋ ಕಳೆದು ವಾಂತಿ ಬಂದಿದ್ದರಿಂದ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಕೇಳಿದರೆ ಹೇಳುವ ಹಾಗೂ ಇರಲಿಲ್ಲ, ಗಿರಣಿ ಅಮ್ಮನ ಪ್ರಕಾರ ಗಂಜಿ ಆಹಾರವೇ ಅಲ್ಲ, ಔಷಧಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಹಸುವಿನ ಹಾಲು ಕೆಲವು ಕೂಸುಗಳ ಕರುಳಿಗೆ ಹೀಗೆ ಮಾಡುತ್ತದೆ ಅಂತ ನಮ್ಮ ದಪ್ಪ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು. ಮೈಮೇಲೆ ದದ್ದು ಏಳಲ್ಲ, ಉಸಿರು ಕಟ್ಟಲ್ಲ, ತಕ್ಷಣ ಏನೂ ಕಾಣಲ್ಲ. ಗಂಟೆಗಳು ಕಳೆದ ಮೇಲೆ ಕರುಳು ತಿರುಗಿ ಬೀಳುತ್ತದೆ. ಆದರೆ ಅಕ್ಕಿ? ರೋಗಿಗೆ ಅಂತಲೇ ಇರುವ ಆಹಾರ? ಊರಿಗೆ ಬಂದವಳೇ ಎಸ್‌ಟಿಡಿ ಬೂತಿನಿಂದ ದಾವಣಗೆರೆಯ ನನ್ನ ಪ್ರೊಫೆಸರಿಗೆ ಫೋನ್ ಮಾಡಿದೆ. ಹಾಲಿಗೆ ನೋಡಿದ್ದೇನೆ, ಅಕ್ಕಿಗೆ ನೋಡಿಲ್ಲ, ಆದರೆ ಆಗಬಾರದು ಅಂತ ಎಲ್ಲಿದೆ ಅಂದರು. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಬಿಡಿಸಿ ನೋಡಬೇಕು, ಕೊಟ್ಟು ನೋಡಬೇಕು, ಕೊಡುವುದಾದರೆ ಸಲೈನ್ ಪಕ್ಕದಲ್ಲಿರಲಿ ಅಂತಲೂ ಹೇಳಿದರು. ಬಿಡಿಸಿ ನೋಡುವುದು ಸೊರಬದಲ್ಲಿ ತಾನಾಗಿಯೇ ನಡೆದುಹೋಗಿತ್ತು. ಬಹುಪಾಲು ಮಕ್ಕಳಿಗೆ ಎರಡು ಮೂರು ವರ್ಷದಲ್ಲಿ ಒಗ್ಗುತ್ತದೆ, ಅಲ್ಲಿವರೆಗೆ ಕಾಪಾಡು ಅಂದರು.

ಖುಷಿಯಾಯಿತು ಅಂತ ಮುಚ್ಚಿಡುವುದೇಕೆ? ಕೈಗುಣವೂ ಇಲ್ಲ ಮಣ್ಣೂ ಇಲ್ಲ, ಬೀಗರ ಮರ್ಯಾದೆಗೆ ಹೆದರಿ ಅಕ್ಕಿ ತಪ್ಪಿಸಿದ್ದಕ್ಕೆ ಕೂಸು ಚೆನ್ನಾಗಿದೆ. ಇದನ್ನು ಗಿರಣಿ ಅಮ್ಮನ ಎದುರಿಗೆ ಹೇಳುವ ಗಳಿಗೆಗೆ ನಾನು ಸೀರೆ ಬದಲಿಸಿಕೊಂಡು ಹೋದೆ.

ಅವರ ಮನೆಗೆ ಕಾಲಿಟ್ಟರೆ ಸಡಗರ. ಕೂಸು ಚೇತರಿಸಿಕೊಂಡಿದೆ, ಇನ್ನು ತಡ ಬೇಡ ಅಂತ ಅನ್ನ ಮುಟ್ಟಿಸುವ ಶಾಸ್ತ್ರಕ್ಕೆ ದಿನ ಇಟ್ಟಿದ್ದರು. ಹದಿನೈದು ದಿನವೂ ಉಳಿದಿರಲಿಲ್ಲ. ಸ್ವಂತ ಗಿರಣಿಯ ಹೊಸಕ್ಕಿಯ ಪಾಯಸ, ಬೆಳ್ಳಿ ಬಟ್ಟಲು, ನೆಂಟರಿಷ್ಟರೆಲ್ಲ ಒಂದೊಂದು ಚಮಚ ತಿನ್ನಿಸುವುದು. ಗಂಜಿ ತಿಳಿಗೇ ನಾಡಿ ಹಾರಿಹೋಗಿದ್ದ ಕೂಸಿಗೆ ಬಟ್ಟಲುಗಟ್ಟಲೆ ಅಕ್ಕಿ! ಕೂತು ನಿಧಾನವಾಗಿ ಬಿಡಿಸಿ ಹೇಳಿದೆ. ಗಿರಣಿ ಅಮ್ಮ ಪೂರ್ತಿ ಕೇಳಿಸಿಕೊಂಡರು, ಕಾಫಿಯನ್ನೂ ಕೊಟ್ಟರು.

"ಅಕ್ಕಿ ಆಗಲ್ಲಂತ ಅಕ್ಕಿ ಗಿರಣಿ ಮನ್ಯಾಗ ಬಂದು ಹೇಳ್ತೀರಲ್ರೀ. ಬೇಜಾರು ಮಾಡ್ಕೋಬ್ಯಾಡ್ರಿ ಡಾಕ್ಟ್ರೇ, ನಿಮ್ ಓದು ದೊಡ್ಡದೈತಿ. ಆದ್ರ ನಿಮ್ ಕೈ ಈ ಕೂಸಿಗೆ ಆಗಿ ಬರ್ಲಿಲ್ಲ."

ಮಗ ತಲೆ ತಗ್ಗಿಸಿ ಕೂತಿದ್ದ. ತಾಯಿಗೆ ಎದುರಾಡುವವನಲ್ಲ. ನಾನು ಹೊರಗೆ ಬಂದು ಗಿರಣಿಯ ಕಾಂಪೌಂಡಿನಲ್ಲಿ ನಿಂತೆ. ಒಳಗೆ ಹೊಟ್ಟು ಹಾರುತ್ತಿತ್ತು, ಬಾಯಿಗೆ ಮೂಗಿಗೆ ದೂಳು ಮೆತ್ತುತ್ತಿತ್ತು. ಹಾಳಾಗಿ ಹೋಗಲಿ, ತಿನ್ನಿಸಲಿ, ಬಿದ್ದಾಗ ನನ್ನ ಹತ್ತಿರವೇ ಹೊತ್ತು ತರ್ತಾರಲ್ಲ, ಆಗ ಗೊತ್ತಾಗುತ್ತೆ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಮೊಣಕೈವರೆಗೆ ತಣ್ಣಗಾಗಿದ್ದ ಆ ಕೈಯನ್ನು ನಾನೇ ಹಿಡಿದು ನೋಡಿದ್ದೆ. ನಾಲ್ಕನೇ ಸಲ ನರ ಸಿಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ?

ಈ ಮಾತು ಆ ಮನೆಯಲ್ಲಿ ನಡೆಯಬೇಕಾದರೆ ಒಂದೇ ಬಾಯಿಂದ ಬರಬೇಕಿತ್ತು. ಯಾರ ಬಾಯಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಒದ್ದಾಡಿದೆ. ನಾನು ಕಂಡುಹಿಡಿದದ್ದನ್ನು ಎತ್ತಿ ಅವನ ಕೈಗೆ ಕೊಡುವುದೆಂದರೆ, ಮದುವೆಗೆ ಅಂತ ಮಾಡಿಸಿಟ್ಟ ಸರವನ್ನು ಬಿಚ್ಚಿ ಸವತಿಯ ಕೊರಳಿಗೆ ಹಾಕಿದ ಹಾಗೆ. ಕೊನೆಗೆ ಮೂರನೇ ದಿನ ಕ್ಲಿನಿಕ್ ಮುಚ್ಚಿ ಮತ್ತೆ ಸೊರಬದ ಬಸ್ ಹತ್ತಿದೆ.

ಅವನು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ನೀನೇ ಬಾ, ಇಬ್ಬರೂ ಹೋಗಿ ನೀನು ಕಂಡುಹಿಡಿದದ್ದು ಅಂತಲೇ ಹೇಳೋಣ ಅಂದ. ಅದೇ ಬೇಡ ಅಂದೆ. ನನ್ನ ಹೆಸರು ಬಂದರೆ ಪಾಯಸ ಖಾತ್ರಿ, ನಿನ್ನದೇ ಅಂತ ಹೇಳು ಅಂದೆ. ಹೇಳುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡೆ. ಶೀತವಾಗಿದೆಯಾ ಅಂತ ಕೇಳಿದ ಪುಣ್ಯಾತ್ಮ. ಶಾಸ್ತ್ರ ನಿಲ್ಲಿಸಿ ಅಂದರೆ ಆಕೆ ಹಟ ಹಿಡೀತಾರೆ, ಶಾಸ್ತ್ರ ಆಗಲಿ, ಸಬ್ಬಕ್ಕಿ ಪಾಯಸ ಮಾಡಿಸೋಣ ಅಂದ. ಸಬ್ಬಕ್ಕಿ ಮರಗೆಣಸಿನ ಗಡ್ಡೆಯಿಂದ ಆಗುವುದು, ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನೋಡುವುದಕ್ಕೆ ಅಕ್ಕಿ ಪಾಯಸದ ಹಾಗೇ ಇರುತ್ತದೆ, ಬಂದವರ ಬಾಯಿಯೂ ಮುಚ್ಚುತ್ತದೆ. ಹಾಲು ಹಾಕಬಾರದು, ನೀರಿನಲ್ಲೇ ಬೇಯಿಸಿ ಬೆಲ್ಲ ಹಾಕಲಿ ಅಂತ ನಾನು ಸೇರಿಸಿದೆ. ಈ ಉಪಾಯ ನನಗೆ ಯಾಕೆ ಹೊಳೆಯಲಿಲ್ಲ ಅಂತ ವಾಪಸ್ ಬರುವ ದಾರಿಯಿಡೀ ಕೊರಗಿದೆ. ಕಾಯಿಲೆ ನಾನು ಹಿಡಿದೆ, ಮನುಷ್ಯರನ್ನು ಅವನು ಹಿಡಿದ.

ಅವನು ಹೋಗಿ ಹೇಳಿದ. ಗಿರಣಿ ಅಮ್ಮ ಒಂದೇ ಮಾತಿಗೆ ಒಪ್ಪಿದರು. ಸೊರಬದ ಡಾಕ್ಟ್ರು ಕಣ್ಣಲ್ಲೇ ಕರುಳು ನೋಡ್ತಾರೆ ಅಂತ ಪೇಟೆಯಲ್ಲಿ ಹೊಸ ಮಾತು ಹುಟ್ಟಿತು.

ಶಾಸ್ತ್ರದ ದಿನ ಅವನಿಗೆ ಹೂವಿನ ಹಾರ ಬಂತು, ನನಗೆ ಎರಡನೇ ಸಾಲಿನ ಕುರ್ಚಿ. ನಾನು ದೊಡ್ಡ ಚೀಲ ಹಿಡಿದು ಹೋಗಿದ್ದೆ. ಚಿಟ್ಟೆಸೂಜಿ, ಸಲೈನ್ ಬಾಟಲಿ, ನಳಿಕೆ, ಅಂಟುಪಟ್ಟಿ. ಉಡುಗೊರೆ ತಂದಿದ್ದೀರಾ ಅಂತ ಯಾರೋ ಕಿಚಾಯಿಸಿದರು. ಗಿರಣಿ ಅಮ್ಮ ಗಂಜಿಯನ್ನು ಔಷಧಿ ಅಂದವರು, ಇನ್ಯಾವುದನ್ನು ಏನಂತಾರೋ ಅನ್ನೋ ಭಯ ನನಗೆ. ತಂದೆಯ ತೊಡೆಯ ಮೇಲೆ ಕೂರಿಸಿ ಸಬ್ಬಕ್ಕಿ ಪಾಯಸ ತಿನ್ನಿಸಿದರು. ಕೂಸು ಚಪ್ಪರಿಸಿತು. ಎಲ್ಲರೂ ಊಟಕ್ಕೆ ಎದ್ದರು. ಅಜ್ಜಿ ಕೂಸನ್ನೆತ್ತಿಕೊಂಡು ದೇವರ ಕೋಣೆಗೆ ಹೋಗಿ, ಬಾಯಿ ಒರೆಸುತ್ತಾ ಹೊರಗೆ ಬಂದದ್ದನ್ನು ನಾನು ಎಲೆಯ ಮುಂದೆ ಕೂತೇ ನೋಡಿದೆ. ಎದ್ದು ಹೋಗಿ ಏನು ಕೊಟ್ರಿ ಅಂತ ಕೇಳಿದೆ. ಏನಿಲ್ಲ, ನಮಸ್ಕಾರ ಮಾಡಿಸಿದೆ ಅಂದರು.

ಊಟವಾಯಿತು, ನೆಂಟರು ಎಲೆ ಅಡಿಕೆ ಹಾಕಿಕೊಂಡು ಕರಗತೊಡಗಿದರು. ನಾನು ಏಳಲಿಲ್ಲ. ಅವನು ಸ್ಕೂಟರ್ ಕೀಲಿ ಹಿಡಿದು ನಿಂತಿದ್ದ, ಇನ್ನೊಂದು ಸ್ವಲ್ಪ ಹೊತ್ತು ಇರು ಅಂತ ಕೂರಿಸಿದೆ. ಕೂಸು ಮಲಗಿತ್ತು. ಎದ್ದದ್ದೇ ಒಂದು ಸಲ ಬಿಕ್ಕಿ, ತಾಯಿಯ ಸೀರೆಯ ತುಂಬ ವಾಂತಿ ಮಾಡಿತು. ಮತ್ತೆ, ಮತ್ತೆ, ಮತ್ತೆ. ಮುಖದ ಬಣ್ಣ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಗಿರಣಿ ಅಮ್ಮ ಗೋಡೆಗೆ ಒರಗಿದರು.

"ಪ್ರಸಾದ ಕೊಟ್ಟೀನ್ರೀ. ದೇವ್ರಿಗೆ ನೈವೇದ್ಯ ಇಟ್ಟಿದ್ ಹೊಸಕ್ಕಿ ಪಾಯಸ. ಪ್ರಸಾದ ಅನ್ನ ಅಲ್ಲಲ್ರೀ."

ಬಯ್ಯಲು ಹೊತ್ತಿರಲಿಲ್ಲ. ಸೊರಬದವನಿಗೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ಅಲುಗದ ಹಾಗೆ ಹಿಡಿ ಅಂದೆ. ಬಾಟಲಿಯನ್ನು ಗಿರಣಿ ಅಮ್ಮನ ಮಗ ಕಿಟಕಿ ಸರಳಿಗೆ ಕಟ್ಟಿದ. ಕಿವಿಯ ಮೇಲ್ಗಡೆಯ ನರ ಮೊದಲ ಚುಚ್ಚಿಗೆ ಒಡೆಯಿತು. ಹಣೆಯ ನಡುವಿನದು ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿತು. ಕೂಸು ಅಳುವುದನ್ನೂ ಬಿಟ್ಟಿತ್ತು, ಅದೇ ನನಗೆ ಹೆದರಿಕೆ. ಬಲಗಡೆಗೆ ತಿರುಗಿಸು ಅಂದೆ. ಅವನು ತಿರುಗಿಸಿ, ತನ್ನ ಮುಖ ಆಚೆ ಮಾಡಿದ. ನಾನು ಕಣ್ಣು ಕೀಳಲಿಲ್ಲ. ಕಣ್ಣಿನಂಚಿನ ಮೇಲೆ, ಕೂದಲು ಶುರುವಾಗುವಲ್ಲಿ ದಾರದಂಥ ಒಂದು ನರಕ್ಕೆ ಸೂಜಿ ಇಳಿಸಿದೆ. ನಳಿಕೆಯಲ್ಲಿ ಒಂದು ತೊಟ್ಟು ರಕ್ತ ಹಿಂದಕ್ಕೆ ಬಂತು. ಅಂಟುಪಟ್ಟಿ ಹಾಕಿ, ದೊಡ್ಡ ಸಿರಿಂಜಿನಲ್ಲಿ ಸಲೈನ್ ತುಂಬಿ ತಳ್ಳತೊಡಗಿದೆ. ಒಂದು ಸಿರಿಂಜ್, ಇನ್ನೊಂದು, ಮತ್ತೊಂದು. ಆಮೇಲೆ ಬಾಟಲಿಗೆ ಜೋಡಿಸಿ ಹನಿಯನ್ನು ಜೋರಾಗಿ ಬಿಟ್ಟೆ. ಕ್ಲಿನಿಕ್ಕಿಗೆ ಎತ್ತಿಕೊಂಡು ಹೋಗೋಣವೇ ಅಂತ ಮಗ ಕೇಳಿದ. ಬೇಡ, ಸೂಜಿ ಅಲುಗಿದರೆ ಇನ್ನೊಂದು ನರವಿಲ್ಲ ಅಂದೆ. ಹಾಗಾಗಿ ಕೂಸು ಸೊರಬದವನ ತೊಡೆಯ ಮೇಲೇ ಉಳಿಯಿತು, ನಾನು ಪಕ್ಕದಲ್ಲಿ ಮೊಣಕಾಲೂರಿ ಕೂತೆ.

ನಿಧಾನವಾಗಿ ತುಟಿಗೆ ಬಣ್ಣ ಬಂತು. ಪಾದ ಮುಟ್ಟಿ ನೋಡಿದೆ, ಬಿಸಿ ಹತ್ತುತ್ತಿತ್ತು. ಇನ್ನು ಕಾಯಬೇಕಾದ್ದು ಒಂದೇ, ಮೂತ್ರ. ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡ ಮುಷ್ಕರ ಹೂಡಿರುತ್ತದೆ. ಕೂಸು ಉಚ್ಚೆ ಹೊಯ್ಯುವ ತನಕ ಗೆದ್ದೆವು ಅನ್ನುವ ಹಾಗಿಲ್ಲ. ಮನೆಯವರಿಗೆಲ್ಲ ಅದನ್ನು ಹೇಳಿದೆ. ಇಡೀ ಮನೆ ಆ ಕೂಸಿನ ಚಡ್ಡಿಯನ್ನೇ ನೋಡುತ್ತಾ ಕೂತಿತು.

ಹಾಗೆ ಕಾಯುವಾಗ ಸೊರಬದವನಿಗೆ ಏನನ್ನಿಸಿತೋ, ತಲೆಯೆತ್ತಿ ಗಿರಣಿ ಅಮ್ಮನಿಗೆ ಹೇಳಿದ.

"ಅಮ್ಮಾ, ಒಂದ್ ಮಾತು ಹೇಳ್ತೆ ಕೇಳಿ. ಅಕ್ಕಿ ಆಗದಿಲ್ಲ ಅಂತ ಕಂಡುಹಿಡಿದಿದ್ದು ನಾನಲ್ಲ, ಇವ್ರು. ನಿಮಗೆ ಹೇಳು ಅಂತ ನನ್ನ ಕಳಿಸಿದ್ದೂ ಇವ್ರೇ. ಈಗ ನರ ಹಿಡಿದಿದ್ದೂ ಇವ್ರೇ. ನಂದೇನೂ ಇಲ್ಲ ಇದ್ರಲ್ಲಿ."

ಬೇಡ ಅಂದಿದ್ದವಳು ನಾನೇ, ಆದರೂ ಆ ಮಾತಿಗಾಗಿ ಎಷ್ಟು ಹಸಿದಿದ್ದೆ ಅಂತ ಆಗ ಗೊತ್ತಾಯಿತು. ಗಿರಣಿ ಅಮ್ಮ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಕಣ್ಣು ತುಂಬಿ ಬಂತು ಆಕೆಗೆ. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆಗೇ ತಿರುಗಿದರು.

"ನೋಡಿದ್ರೇನ್ರೀ ಡಾಕ್ಟ್ರೇ? ಎಂಥಾ ದೊಡ್ಡ ಮನುಷ್ಯಾರು. ತಾವು ಮಾಡಿದ್ದನ್ನ ಹಿಂಗ ಇನ್ನೊಬ್ರಿಗೆ ಕೊಡೋರು ಈ ಕಾಲದಾಗ ಯಾರದಾರ?"

ನೆರೆದವರೆಲ್ಲ ಹೌದು ಹೌದು ಅಂತ ತಲೆದೂಗಿದರು. ಅವನು ಅಲ್ಲ ಅಮ್ಮಾ, ನಿಜವಾಗ್ಲೂ ಅಂತ ಮತ್ತೆ ಶುರು ಮಾಡಿದ. ಅವನು ಅಲ್ಲ ಅಂದಷ್ಟೂ ಅವರಿಗೆ ಅವನ ದೊಡ್ಡತನ ಬೆಳೆಯುತ್ತಾ ಹೋಯಿತು. ಬಿಡು ಅಂತ ನಾನೇ ಕಣ್ಸನ್ನೆ ಮಾಡಿದೆ. ನಾನು ಬಾಯಿಬಿಟ್ಟಿದ್ದರೆ ಇನ್ನೊಬ್ಬರ ಹೆಸರು ಕಿತ್ತುಕೊಳ್ಳೋಳು ಅನ್ನಿಸಿಕೊಳ್ಳುತ್ತಿದ್ದೆ. ಹನಿ ಎಣಿಸುತ್ತಾ ಕೂತೆ.

ಸಂಜೆ ಗಿರಣಿ ನಿಲ್ಲಿಸುವ ಹೊತ್ತಿಗೆ ಕೂಸು ಕಾಲು ಜಾಡಿಸಿತು. ಆಮೇಲೆ ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ದೊಡ್ಡದಾಗಿ, ಬೆಚ್ಚಗೆ ಒಂದು ಒದ್ದೆ ಹರಡಿತು. ಸೊಸೆ ಹೋ ಅಂತ ಅತ್ತೇಬಿಟ್ಟಳು. ಮಗ ನಗುತ್ತಾ ಗೋಡೆಗೆ ಹಣೆ ಒತ್ತಿದ. ಹೆಂಗಸರೆಲ್ಲ ಸುತ್ತುಗಟ್ಟಿ, ಬದುಕಿಸಿದವರು ಯಾರು ಅಂತ ಕೂಸಿಗೆ ಗೊತ್ತೈತಿ ನೋಡ್ರೀ, ಅವರ ತೊಡೀ ಮ್ಯಾಲೇ ಹೊಯ್ತು ಅಂದರು. ಗಿರಣಿ ಅಮ್ಮ ಕೂಸಿನ ಪಾದ ಕಣ್ಣಿಗೊತ್ತಿಕೊಂಡು, ಇನ್ನ ನಮ್ ಮನ್ಯಾಗ ಡಾಕ್ಟ್ರು ಹೇಳೋ ತನಕ ಪ್ರಸಾದನೂ ಇಲ್ಲ, ಗಂಜಿನೂ ಇಲ್ಲ ಅಂತ ಎಲ್ಲರೆದುರು ಹೇಳಿದರು. ಯಾವ ಡಾಕ್ಟ್ರು ಅಂತ ಯಾರ ಮುಖ ನೋಡಿ ಹೇಳಿದರೋ ಅದನ್ನು ನಾನು ಬೇರೆ ಬರೆಯಬೇಕಾಗಿಲ್ಲ.

ನಾನು ಹನಿ ನಿಧಾನ ಮಾಡಿದೆ, ನಾಡಿ ನೋಡಿದೆ. ಚೆನ್ನಾಗಿ ಹೊಡೆದುಕೊಳ್ಳುತ್ತಿತ್ತು. ಕೂಸು ಉಳಿಯಿತು, ಅಕ್ಕಿ ನಿಂತಿತು, ಬೇಕಾಗಿದ್ದದ್ದು ಅಷ್ಟೇ. ಆದರೂ ಇವತ್ತಿಗೂ ಆ ಸಂಜೆ ನೆನಪಾದಾಗ ಹೊಟ್ಟೆ ಉರಿಯುತ್ತದೆ. ಆ ಒದ್ದೆ ನನ್ನ ಸೀರೆಯ ಮೇಲೆ ಆಗಬೇಕಿತ್ತು.